ಗೆಂಡೆ ಮೀನಿನ ದೂರು

ಗಾಳಿಯಂತ್ರದ ಕಂಪನಿಯಲ್ಲಿ ನನ್ನ ಕೆಲಸ ಬೈಸಿಕೊಳ್ಳುವುದು. ಕೆಲಸಕ್ಕೆ ಸೇರಿಸಿಕೊಂಡಾಗ ಅದಕ್ಕೊಂದು ಗೌರವದ ಹೆಸರು ಕೊಟ್ಟಿದ್ದರು, ಆದರೆ ಮಾಡುತ್ತಿದ್ದದ್ದು ಇಷ್ಟೇ: ಚಳ್ಳಕೆರೆಯ ಆಫೀಸಿನಲ್ಲಿ ಕೂತು ಸುತ್ತಲಿನ ಹಳ್ಳಿಯವರ ದೂರು ಕೇಳಿ ಎಂಜಿನಿಯರಿಗೆ ಹೇಳುವುದು, ಎಂಜಿನಿಯರು ಹೇಳಿದ್ದನ್ನು ಒಂದಿಷ್ಟು ಮೆತ್ತಗೆ ಮಾಡಿ ಹಳ್ಳಿಯವರಿಗೆ ಮುಟ್ಟಿಸುವುದು. ನಾನು ಮೊಳಕಾಲ್ಮೂರಿನ ನೇಕಾರರ ಮನೆಯವಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಎರಡು ಭಾಷೆಯಲ್ಲಿ ಬೈಸಿಕೊಳ್ಳಬಲ್ಲಳು ಎಂದೇ ನನ್ನನ್ನು ಆರಿಸಿರಬೇಕು.

ಬರುತ್ತಿದ್ದ ದೂರುಗಳೂ ಹಾಗೇ ಇದ್ದವು. ನಿಮ್ಮ ಫ್ಯಾನುಗಳು ಮೋಡಗಳನ್ನೆಲ್ಲ ಆಂಧ್ರದ ಕಡೆಗೆ ಊದಿಬಿಡುತ್ತಿವೆ ಎಂದು ಒಬ್ಬರು. ರೆಕ್ಕೆಯ ನೆರಳು ಹಟ್ಟಿಯ ಮೇಲೆ ಸುತ್ತುವುದರಿಂದ ಅಳಿಯನಿಗೆ ಮಧ್ಯಾಹ್ನದ ನಿದ್ದೆ ಹತ್ತುತ್ತಿಲ್ಲ ಎಂದು ಇನ್ನೊಬ್ಬರು. ನಿದ್ದೆ ಹತ್ತದ ಅಳಿಯ ಹೊಲಕ್ಕೆ ಹೋಗಬಹುದಲ್ಲ ಎಂದು ನಾನು ಕೇಳಿದ್ದಕ್ಕೆ ಅವರು ಬಹಳ ಹೊತ್ತು ಯೋಚಿಸಿ, ಅದೂ ಸರಿ ಎನ್ನುತ್ತ ಎದ್ದುಹೋದರು. ಹೀಗೆ ಎಲ್ಲದಕ್ಕೂ ನನ್ನ ಬಳಿ ಏನಾದರೊಂದು ಉತ್ತರವಿತ್ತು.

ಒಂದು ಮಳೆಗಾಲದಲ್ಲಿ ನನ್ನಿವಾಳದ ಕಡೆಯ ಒಂದು ಹಳ್ಳಿಯಿಂದ ಅಜ್ಜಿಯೊಬ್ಬಳು ಬಂದಳು. ಕೈಯಲ್ಲಿ ಅಲ್ಯೂಮಿನಿಯಂ ಪಾತ್ರೆ, ಮೇಲೊಂದು ತಟ್ಟೆ. ಕೂರಿ ಎನ್ನುವಷ್ಟರಲ್ಲಿ ತಟ್ಟೆ ತೆಗೆದು ಪಾತ್ರೆಯನ್ನು ನನ್ನ ಕಂಪ್ಯೂಟರಿನ ಪಕ್ಕಕ್ಕೆ ತಳ್ಳಿದಳು. ಒಳಗೆ ಒಂದು ಗೆಂಡೆ ಮೀನು ಬಾಯಿ ಬಿಡುತ್ತಿತ್ತು.

"ಇದರ ಮೂತಿ ನೋಡವ್ವ. ನಿಮ್ಮ ಪೈಪಿಗೆ ಗುದ್ದಿ ಗುದ್ದಿ ಹಿಂಗಾಗೈತೆ" ಎಂದಳು.

ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಅಷ್ಟು ಹತ್ತಿರದಿಂದ ಮೀನಿನ ಮೂತಿ ನೋಡಿದ್ದು ನನಗೆ ಅದೇ ಮೊದಲು. ಗಾಯವಾಗಿದ್ದು ನಿಜ.

ಅಜ್ಜಿಯ ದೂರು ಬಿಡಿಸಿ ಹೇಳುವುದಾದರೆ ಹೀಗೆ. ಅವಳ ಊರಿನ ಪಕ್ಕದ ಹಳ್ಳ ವರ್ಷದ ಬಹುಪಾಲು ಬರೀ ಮರಳು. ಮಳೆ ಚೆನ್ನಾಗಿ ಬಂದ ವರ್ಷ ಕೆಲವು ದಿನ ಹರಿಯುತ್ತದೆ. ಹರಿದಾಗ ಕೆಳಗಿನ ದೊಡ್ಡ ಕೆರೆಯ ಮೀನುಗಳು ಹೊಸ ನೀರಿಗೆ ಎದುರಾಗಿ ಹತ್ತಿ, ಅವಳ ಊರಿನ ಕೆರೆ ಸೇರಿ ಮೊಟ್ಟೆಯಿಡುತ್ತವೆ. ಈಗ ಫ್ಯಾನಿನ ರೆಕ್ಕೆ ಹೊತ್ತ ಉದ್ದನೆಯ ಲಾರಿಗಳು ದಾಟಲೆಂದು ನಾವು ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ರಸ್ತೆ ಹಾಕಿ, ಅಡಿಯಲ್ಲಿ ಸಿಮೆಂಟಿನ ಪೈಪು ಹೂಳಿದ್ದೆವು. ನೀರು ಪೈಪಿನಿಂದ ಧುಮುಕುತ್ತ ಕೆಳಗೆ ಗುಂಡಿ ಕೊರೆದಿತ್ತು. ಪೈಪಿನ ಬಾಯಿ ನೀರಿನಿಂದ ಎದೆಯುದ್ದ ಮೇಲೆ ಉಳಿದಿತ್ತು.

ಮರುದಿನ ಹೋಗಿ ನೋಡಿದೆ. ಮೀನುಗಳು ಒಂದರ ಹಿಂದೆ ಒಂದು ಎಗರುತ್ತಿದ್ದವು, ಸಿಮೆಂಟಿಗೆ ಬಡಿದು ಬೀಳುತ್ತಿದ್ದವು, ಮತ್ತೆ ಎಗರುತ್ತಿದ್ದವು. ಗುಂಡಿಯ ಸುತ್ತ ಕೆಳಗಿನ ಊರಿನವರೆಲ್ಲ ನೆರೆದಿದ್ದರು. ಸೊಳ್ಳೆಪರದೆ, ಹಳೆ ಸೀರೆ, ಕೊನೆಗೆ ಹೆಲ್ಮೆಟ್ಟು, ಯಾವುದು ಸಿಕ್ಕಿತೋ ಅದರಲ್ಲೇ ಹಿಡಿಯುತ್ತಿದ್ದರು. ಕಂಪನಿಯವಳೆಂದು ಗೊತ್ತಾದ ಮೇಲೆ ನನಗೆ ಅಲ್ಲಿ ಸಿಕ್ಕ ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಇಂಥ ಒಳ್ಳೆ ರಸ್ತೆ ಯಾರೂ ಮಾಡಿಸಿರಲಿಲ್ಲ, ಇನ್ನೂ ನಾಲ್ಕು ಫ್ಯಾನು ಬರಲಿ ಎಂದು ಹರಸಿದರು.

ಹಾಗಾದರೆ ಫ್ಯಾನುಗಳೇ ಬೇಡವೇ ಎಂದು ಅಜ್ಜಿಯನ್ನು ಕೇಳಿದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು. ಅವಳ ಸೊಸೆಗೆ ಹಿಟ್ಟಿನ ಗಿರಣಿಯಿತ್ತು. ಮೊದಲು ಕರೆಂಟು ಯಾವಾಗ ಬರುತ್ತದೋ ಎಂದು ರಾಗಿ ಚೀಲದ ಮೇಲೆ ತಲೆಯಿಟ್ಟು ಕಾಯುತ್ತಿದ್ದಳಂತೆ. ಫ್ಯಾನುಗಳು ಬಂದ ಮೇಲೆ ಹಗಲಲ್ಲೇ ಬರುತ್ತಿತ್ತು.

"ಕರೆಂಟು ಬ್ಯಾಡ ಅಂತ ಯಾರಂದ್ರು? ಫ್ಯಾನು ತಿರುಗ್ಲಿ, ಮೀನೂ ಹತ್ಲಿ. ಎರಡೂ ನನಗೆ ಬೇಕು" ಎಂದಳು.

ನನಗೂ ಅದೇ ಬೇಕಿತ್ತು. ಕರೆಂಟು ಹೋದಾಗಲೆಲ್ಲ ನಮ್ಮ ಮನೆಯ ರೇಷ್ಮೆ ಸುತ್ತುವ ಮೋಟರು ನಿಂತು, ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸರ್ಕಾರವನ್ನು ತೆಲುಗಿನಲ್ಲಿ ಬಯ್ಯುವುದನ್ನು ಕೇಳಿಕೊಂಡೇ ನಾನು ಬೆಳೆದವಳು.

ಎಂಜಿನಿಯರು ಕರಾವಳಿಯವರು. ವಿಷಯ ಕೇಳಿ ಮೊದಲು ನಕ್ಕರು. ರೆಕ್ಕೆಗಳೆಲ್ಲ ಬರುವ ತನಕ ರಸ್ತೆ ಕಡಿಯಲಾಗದು ಎಂದರು. ಇದನ್ನು ಎಷ್ಟು ಮೆತ್ತಗೆ ಮಾಡಿ ಹೇಳಿದರೂ ಅಜ್ಜಿ ಒಪ್ಪಲಿಲ್ಲ. ಬದಲಿಗೆ ಸಾಹೇಬರನ್ನು ಊಟಕ್ಕೆ ಕರೆದುಕೊಂಡು ಬಾ, ಮೀನಿನ ಸಾರು ಮಾಡ್ತೀನಿ ಎಂದಳು. ಅದನ್ನು ಕೇಳಿದ ಎಂಜಿನಿಯರು ನನಗಿಂತ ಮೊದಲೇ ಜೀಪಿನಲ್ಲಿ ಕೂತಿದ್ದರು. ಕಡಲು ಬಿಟ್ಟು ಬಂದ ಮೇಲೆ ಅವರು ಸರಿಯಾದ ಮೀನು ಕಂಡಿರಲಿಲ್ಲವಂತೆ.

ನನಗೆ ಕಾಳಿನ ಸಾರು ಬೇರೆ ಮಾಡಿದ್ದಳು. ಅವರ ತಟ್ಟೆಗೆ ಬಿಸಿ ಮುದ್ದೆ, ಮೇಲೆ ಕೆಂಪನೆಯ ಘಮಘಮಿಸುವ ಸಾರು. ಅವರು ಸಾರಿನಲ್ಲಿ ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು. ಒಂದು ಸೌಟು ಹಾಕಿಸಿಕೊಂಡರು, ಅದರಲ್ಲೂ ಹುಡುಕಿದರು. ಮೀನು ಇರಲಿಲ್ಲ.

"ಮೀನೆಲ್ಲಿ ಅಜ್ಜಿ?" ಎಂದರು ಕೊನೆಗೆ.

"ನಿಮ್ಮ ಪೈಪಿನ ಕೆಳಗೆ ನಿಂತೈತೆ ಸಾಮಿ. ಹತ್ತಿ ಬಂದ ಕೂಡ್ಲೆ ಹಾಕ್ತೀನಿ."

ನಾನು ಕಾಳಿನ ಸಾರಿನ ಮೇಲೆ ಮುಖ ಬಗ್ಗಿಸಿದೆ. ಅವರು ಸಿಟ್ಟಾಗಲಿಲ್ಲ. ಇನ್ನೊಂದು ಮುದ್ದೆ ಹಾಕಿಸಿಕೊಂಡು ಪೂರ್ತಿ ಉಂಡು, ಕೈ ತೊಳೆಯುವಾಗ, ಹುಣಸೆಹುಳಿ ಜಾಸ್ತಿಯಾಯಿತು ಎಂದರು. ಅಜ್ಜಿಯ ಮುಖ ಸಪ್ಪಗಾಯಿತು. ಲೆಕ್ಕ ಸಮವಾದದ್ದರಿಂದ ಮೂವರೂ ಹಳ್ಳಕ್ಕೆ ಹೊರಟೆವು.

ಎಂಜಿನಿಯರು ಪ್ಯಾಂಟು ಮಡಚಿ ಗುಂಡಿಗೆ ಇಳಿದರು. ಬಹಳ ಹೊತ್ತು ಮೀನುಗಳನ್ನೇ ನೋಡುತ್ತ ನಿಂತರು. ಅವರ ಊರಿನ ಹೊಳೆಯಲ್ಲೂ ಮಳೆ ಹಿಡಿದ ಮೇಲೆ ಹೀಗೇ ಮೀನು ಹತ್ತುತ್ತಿದ್ದವಂತೆ. ಮರುದಿನವೇ ಜೆಸಿಬಿ ತರಿಸಿ, ಗುಂಡಿಯ ಕೆಳಗೆ ದೊಡ್ಡ ಕಲ್ಲುಗಳನ್ನು ಸಾಲಾಗಿ ಅಡ್ಡ ಇಡಿಸಿದರು. ನೀರು ನಿಂತು ಮಟ್ಟ ಏರಿತು, ಸಣ್ಣ ಮೀನುಗಳು ಪೈಪಿನೊಳಗೆ ನುಸುಳಿದವು. ಬೆಳಗಾಗುವಷ್ಟರಲ್ಲಿ ಕಲ್ಲುಗಳು ಮಾಯ. ಕೆಳಗಿನ ಊರಿಗೆ ಹೋಗಿ ವಿಚಾರಿಸಿದೆ. ನೀರಿಗೆ ತಾವೇ ಉರುಳಿಹೋಗಿರಬೇಕು ಎಂದು ಎಲ್ಲರೂ ಒಂದೇ ಮಾತು ಹೇಳಿದರು. ಕಲ್ಲುಗಳು ಹರಿವಿಗೆ ಎದುರಾಗಿ ಉರುಳಿ ದಂಡೆಯ ಮೇಲೆ ಒಟ್ಟಾಗಿ ಕೂತಿದ್ದವು.

ಹಳ್ಳ ಇಳಿಯುತ್ತಿತ್ತು, ಮತ್ತೆ ಕಲ್ಲು ಇಡಿಸುವಷ್ಟು ಸಮಯವಿರಲಿಲ್ಲ. ಅಜ್ಜಿ ಪಂಪು ರಿಪೇರಿ ಮಾಡುವ ಚಳ್ಳಕೆರೆಯ ಸಾಬರೊಬ್ಬರನ್ನು ಹಿಡಿದು ತಂದಳು. ಅವರ ಲಗೇಜು ಆಟೋದಲ್ಲಿ ನೀಲಿ ಡ್ರಮ್ಮುಗಳಿದ್ದವು. ಸಾಬರು ಮತ್ತು ಎಂಜಿನಿಯರು ಗುಂಡಿಯಿಂದ ಮೀನು ಎತ್ತುವುದು, ನಾನು ಹಿಂದೆ ಕೂತು ಡ್ರಮ್ಮಿನ ಮುಚ್ಚಳ ಒತ್ತಿ ಹಿಡಿಯುವುದು, ಮೇಲಿನ ಕೆರೆಗೆ ಹೋಗಿ ಸುರಿಯುವುದು. ಮೀನಿನ ವ್ಯಾಪಾರ ಬಂತೆಂದು ತಿಳಿದು ದಾರಿಯುದ್ದಕ್ಕೂ ಜನ ಕೈ ಅಡ್ಡ ಹಾಕಿದರು. ಒಬ್ಬಾತ ಬೈಕಿನಲ್ಲಿ ಕೆರೆಯವರೆಗೂ ಬೆನ್ನು ಹತ್ತಿದ. ನಾವು ಡ್ರಮ್ಮನ್ನು ಹಾಗೆಯೇ ಕೆರೆಗೆ ಬೋರಲು ಹಾಕಿದ್ದನ್ನು ಕಂಡು, ಹುಚ್ಚರನ್ನು ನೋಡುವಂತೆ ನೋಡಿ ಬೈಕು ತಿರುಗಿಸಿದ.

"ಬುರಾ ಮತ್ ಮಾನೋ ಭಾಯಿ, ಬೇಜಾರು ಮಾಡ್ಕೋಬ್ಯಾಡ, ಇವು ನೆಂಟರ ಮನಿಗೆ ಬಂದಾವೆ" ಎಂದು ಸಾಬರು ಸಮಾಧಾನ ಹೇಳಿದರು.

ಅಂದು ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಮೊಳಕಾಲ್ಮೂರಿನ ತನಕ ಖಾಲಿ. ಅವ್ವ ಹೊಸಿಲಲ್ಲೇ ತಡೆದಳು. "ಲೋಪಲಿಕಿ ರಾಕು," ಒಳಗೆ ಬರಬೇಡ, ಎಂದಳು. ಮಗ್ಗದ ಮೇಲೆ ಮದುವೆ ಸೀರೆಯಿತ್ತು, ರೇಷ್ಮೆಗೆ ನಾತ ಹಿಡಿದರೆ ಹೋಗದು. ಹಿತ್ತಲಲ್ಲಿ ಸೀಗೆಪುಡಿ ಹಾಕಿ ತಿಕ್ಕಿದ ಮೇಲೂ ನನ್ನ ಊಟ ಜಗಲಿಯಲ್ಲೇ ಆಯಿತು. ವಿಷಯವನ್ನೆಲ್ಲ ಕೇಳಿದ ಅಪ್ಪ, ಮೀನಿಗೂ ಆಟೋ ಮಾಡಿಕೊಡುವ ಕಂಪನಿ ನಮ್ಮ ಬೀದಿಗೊಂದು ತಂತಿ ಬದಲಿಸಿಕೊಡಬಾರದೇ ಎಂದರು. ಮನೆಯಲ್ಲೂ ದೂರು ತಪ್ಪಲಿಲ್ಲ.

ರೆಕ್ಕೆಗಳೆಲ್ಲ ದಾಟಿದ ಮೇಲೆ ಎಂಜಿನಿಯರು ಕಂಪನಿಯ ಮೇಲಿನವರ ಹತ್ತಿರ ಹಟ ಹಿಡಿದರು. ಮಳೆ ಬಂದಾಗಲೆಲ್ಲ ಕೊಚ್ಚಿಹೋಗುವ ಮಣ್ಣಿನ ರಸ್ತೆಯನ್ನು ರಿಪೇರಿ ಮಾಡುವುದಕ್ಕಿಂತ ಹಳ್ಳದ ಮಟ್ಟಕ್ಕೇ ಕಾಂಕ್ರೀಟು ಹಾಸುವುದು ಅಗ್ಗ ಎಂದು ಒಪ್ಪಿಸಿದರು. ಮೀನಿನ ಸುದ್ದಿಯನ್ನೇ ಎತ್ತಲಿಲ್ಲವಂತೆ. ಎತ್ತಿದ್ದರೆ ಆ ಹಾಸು ಕಾಗದದ ಮೇಲೇ ಉಳಿಯುತ್ತಿತ್ತು. ಹಳ್ಳ ಹರಿಯುವ ಕೆಲವು ದಿನ ಜೀಪು ಈಚೆ ದಡದಲ್ಲಿ ಕಾಯಬೇಕು, ಅಷ್ಟೇ ತೊಂದರೆ.

ಮುಂದಿನ ಸಲ ಒಳ್ಳೆ ಮಳೆ ಬಂದಾಗ ಆ ಹಾಸಿನ ಅಂಚಿನಲ್ಲಿ ನಿಂತಿದ್ದೆ. ತೆಳುವಾಗಿ ಹರಿಯುವ ನೀರಿನಲ್ಲಿ ಗೆಂಡೆಗಳು ಬೆನ್ನು ಹೊರಗೆ ಹಾಕಿಕೊಂಡು, ಬಾಲ ಬಡಿಯುತ್ತ, ಕಾಂಕ್ರೀಟಿನ ಮೇಲೆ ತೆವಳಿದಂತೆ ದಾಟಿದವು. ದೂರದಲ್ಲಿ ಫ್ಯಾನು ತಿರುಗುತ್ತಿತ್ತು. ಕೆಳಗಿನ ಊರಿನವರು ಮುಖ ಗಂಟಿಕ್ಕಿಕೊಂಡು, ಕಂಪನಿ ಮೊದಲಿನ ಹಾಗಿಲ್ಲ ಎಂದರು.

ಈಗ ಅಜ್ಜಿಯ ಊರಿನವರೇ ಆಫೀಸಿಗೆ ಬರುತ್ತಿದ್ದಾರೆ. ಮರಿಗಳು ದೊಡ್ಡವಾಗುವ ತನಕ ಯಾರೂ ಬಲೆ ಬೀಸಬಾರದೆಂದು ಅಜ್ಜಿ ಕೋಲು ಹಿಡಿದು ಕೆರೆ ಏರಿಯ ಮೇಲೆ ಕೂತಿರುತ್ತಾಳಂತೆ. ಕಂಪನಿಯವರು ಏನಾದರೂ ಮಾಡಬೇಕಂತೆ. ಅಜ್ಜಿ ನಮ್ಮ ಯಂತ್ರವಲ್ಲ, ಅವಳನ್ನು ಆಫ್ ಮಾಡುವ ಸ್ವಿಚ್ಚು ನಮ್ಮ ಹತ್ತಿರ ಇಲ್ಲ ಎಂದು ಹೇಳಿ ಟೀ ಕುಡಿಸಿ ಕಳಿಸುತ್ತೇನೆ.