ಬೆಲ್ಲದ ಕಾಗದದ ಕತೆ

ಬೆಳಿಗ್ಗೆ ಅಂಗಡಿಯವನು ಬೆಲ್ಲವನ್ನು ಹಳೆಯ ಪತ್ರಿಕೆಯಲ್ಲಿ ಕಟ್ಟಿಕೊಟ್ಟ. ಬಿಚ್ಚಿದಾಗ ಬೆಲ್ಲಕ್ಕಿಂತ ಮೊದಲು ಕಾಗದದ ವಾಸನೆ ಮೂಗಿಗೆ ಬಂತು. ಒಳಗಿಂದ ಹೆಂಡತಿ ಬೆಲ್ಲ ಕೇಳುತ್ತಿದ್ದರೆ ನಾನು ನಿಂತಲ್ಲೇ ಕಾಗದ ಓದುತ್ತಿದ್ದೆ. ಇದು ನಿಜಾಮರ ಕಾಲದ ಚಟ, ಇನ್ನು ಬಿಡುವ ಮಾತಿಲ್ಲ.

ಆಗ ಕಲಬುರಗಿಯ ನಮ್ಮ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಕನ್ನಡದ ಅಕ್ಷರ ತಿದ್ದಿಸಿದ್ದು ಮನೆಯಲ್ಲಿ ಮುತ್ಯಾ, ನನ್ನ ಅಜ್ಜ. ಅಕ್ಷರವೇನೋ ಬಂತು, ಓದಲು ಪುಸ್ತಕವೆಲ್ಲಿ? ಧಾರವಾಡದ ಕಡೆಯ ಪತ್ರಿಕೆಗಳು ರದ್ದಿಯಾಗಿ ನಮ್ಮ ಬಜಾರಿಗೆ ಬಂದು, ಬೆಲ್ಲ ಜೀರಿಗೆ ಸುತ್ತಿಕೊಂಡು ಮನೆ ಸೇರುತ್ತಿದ್ದವು. ನನ್ನ ಗ್ರಂಥಾಲಯ ಅದೇ. ಇರುವೆಗಳೂ ಅದರ ಸದಸ್ಯರು.

ಮಧ್ಯಾಹ್ನ ಪಡಸಾಲೆಯಲ್ಲಿ ಹೆಂಗಸರು ತೊಗರಿಬೇಳೆ ಹಸನು ಮಾಡುವಾಗ ನಾನು ಗಟ್ಟಿಯಾಗಿ ಓದಬೇಕು. ಓದಲು ಹಿಡಿದ ಕತೆ ಮುಗಿಯದೆ ಯಾರೂ ಏಳಬಾರದು. ಪುರಾಣಕ್ಕಿದ್ದ ಈ ನಿಯಮವನ್ನು ಮುತ್ಯಾ ಬೆಲ್ಲದ ಕಾಗದಕ್ಕೂ ಹಾಕಿದ್ದರು. ಹರಿದ ಕಾಗದದಲ್ಲಿ ಕತೆ ಮುಗಿಯುವುದೆಲ್ಲಿ? ಹಾಗಾಗಿ ಮುಂದಿನದನ್ನು ನಾನೇ, ಕಣ್ಣು ಕಾಗದದ ಮೇಲಿಟ್ಟು, ಓದಿದಂತೆ ಹೇಳಿಬಿಡುತ್ತಿದ್ದೆ. ಯಾರಿಗೂ ಗುಮಾನಿ ಬಂದಿರಲಿಲ್ಲ. ನಿಮ್ಮೆದುರು ಮುಚ್ಚುಮರೆಯೇಕೆ, ನನಗೆ ಅದರ ಜಂಬವೂ ಇತ್ತು.

ಒಂದು ವರ್ಷ ಸೋದರತ್ತೆ ಗೌರಮ್ಮ ಕಮಲಾಪುರದ ಗಂಡನ ಮನೆಯಿಂದ ಒಬ್ಬಳೇ ಬಂದು ಉಳಿದಿದ್ದಳು. ತೋಳಿನ ಮೇಲೆ ಬರೆ ಎಳೆದ ಗಾಯ. ಅದನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದಳು. ಅವಳನ್ನು ತಿರುಗಿ ಕಳಿಸುವುದೋ ಇಟ್ಟುಕೊಳ್ಳುವುದೋ ಎಂಬುದು ಮುತ್ಯಾರಿಗೆ ಬಗೆಹರಿದಿರಲಿಲ್ಲ.

ಒಂದು ದಿನ ಕಾಗದದ ಕತೆಯಲ್ಲಿ ತವರು ಸೇರಿದ್ದ ಹೆಣ್ಣೊಬ್ಬಳ ಬಾಗಿಲಿಗೆ ಗಂಡ ಬಂದು ನಿಲ್ಲುತ್ತಾನೆ. ಅಷ್ಟಕ್ಕೇ ಹರಿದಿತ್ತು. ಎಲ್ಲರಿಗೂ ಹಿತವಾಗಲೆಂದು ನಾನು ಆಕೆಯಿಂದ ಗಂಡನ ಕಾಲು ಮುಟ್ಟಿಸಿ ಬಂಡಿ ಹತ್ತಿಸಿದೆ.

ಮುತ್ಯಾ ತಲೆದೂಗಿದರು. "ಕೇಳಿದೇನ್ ಗೌರಾ? ಛಾಪಿಸಿದ್ದ್ರಾಗೂ ಹಿಂಗೇ ಅದ. ಸೋಮವಾರ ಬಂಡಿ ಕಟ್ಟಸ್ತೀನಿ, ಹೋಗು."

ಅತ್ತೆಯ ಕೈ ಬೇಳೆಯಲ್ಲೇ ನಿಂತಿತು. ನಾನು ಎದ್ದು ಕಾಗದವನ್ನು ಮುತ್ಯಾರ ಮುಂದೆ ಹಿಡಿದೆ.

"ಮುತ್ಯಾ, ಕಾಗದ ಬಾಗಿಲ ಹತ್ರಾನೇ ಹರದದ. ಬಂಡಿದು ನಾ ಕಟ್ಟಿ ಹೇಳಿದ್ದು."

ಅವರು ಕನ್ನಡಕ ಹಾಕಿ, ಹರಿದ ಅಂಚಿನವರೆಗೂ ಬೆರಳಿಟ್ಟು ಓದಿದರು. ಆಮೇಲೆ ನನ್ನ ಕೆನ್ನೆಗೊಂದು ಬಿಟ್ಟರು. "ಓದೂದ್ರಾಗ ಸುಳ್ಳ ಹೇಳ್ತಿ?"

"ಅವಗ ಹೊಡಿಬ್ಯಾಡ್ರಿ ಅಪ್ಪಾ," ಅಂದಳು ಅತ್ತೆ. "ಕತಿ ಅರ್ಧಕ್ಕ ಬಿಡಬಾರ್ದು ಅಂತ ನೀವ ಹೇಳ್ತೀರಿ. ನಾ ಮುಗಸ್ತೀನಿ. ಆಕಿ ಬಾಗಲಾ ತಗಿಲಿಲ್ಲ."

ಅಷ್ಟು ಹೇಳಿ ಮೊರ ತೆಗೆದುಕೊಂಡು ಎದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಹೆಂಗಸರೆಲ್ಲ ಎದ್ದರು. ಸೋಮವಾರ ಮುತ್ಯಾ ಬಂಡಿ ಕಟ್ಟಿಸಲಿಲ್ಲ.

ನಾನು ಕತೆಗಾರನಾದದ್ದು ಆ ಮಧ್ಯಾಹ್ನವೇ ಎಂದು ಧೈರ್ಯವಾಗಿ ಹೇಳಬಲ್ಲೆ. ಆದರೆ ಬೆಲ್ಲವನ್ನು ಡಬ್ಬಿಗೆ ಸುರಿದು, ನಿನ್ನೆ ಮುಗಿಸಿದ ಕತೆಯನ್ನು ತೆಗೆದು ನೋಡಿದರೆ, ಅಲ್ಲಿಯೂ ಒಬ್ಬಳನ್ನು ರಾಜಿ ಮಾಡಿಸಿ ಕಳಿಸಿಕೊಟ್ಟಿದ್ದೇನೆ. ಬಂಡಿಯ ಬದಲು ರೈಲು, ಅಷ್ಟೇ. ಕೊನೆಯ ಪುಟ ಹರಿದು ಹಾಕಿದೆ. ಮುಂದೇನೆಂದು ಈ ಸಲ ಅವಳನ್ನೇ ಕೇಳಬೇಕು.