ಎಸ್‌ಟಿಡಿ ಬೂತಿನಲ್ಲಿ ಗಬ್ಬದ ಹಸು

ನನಗೆ ಎಚ್‌ಐವಿ ಇರುವುದು ಗೊತ್ತಿರುವ ಗೆಳತಿಯರೇ, ಇವತ್ತು ಕಿಕ್ಕೇರಿಯ ಎಸ್‌ಟಿಡಿ ಬೂತಿನಲ್ಲಿ ನಮ್ಮತ್ತೆ ನನ್ನನ್ನು ಹಸು ಮಾಡಿಬಿಟ್ಟರು.

ಬಸುರಿಯಾದ ನನಗೆ ಮೈಸೂರಿನ ಡಾಕ್ಟರಮ್ಮ ಹೊಸ ಮಾತ್ರೆ ಕೊಟ್ಟಿದ್ದಾರೆ. ಬೆಳಿಗ್ಗೆ ಅತ್ತೆ ಅದನ್ನು ಕಸಿದುಕೊಂಡರು. "ಇದು ಬಲೇ ಉಷ್ಣ ಕಣವ್ವ. ಹೊಟ್ಟೇಲಿರೋ ಮಗೀಗೆ ಏನಾರ ಆದ್ರೆ? ಕೇಳ್ದೆ ನುಂಗ್ಬೇಡ" ಎಂದು ಬೂತಿಗೆ ಎಳೆದೊಯ್ದರು. ಅಲ್ಲಿ ನೋಡಿದರೆ, ಡೇರಿಗೆ ಹಾಲು ಹಾಕಿ ಬಂದ ಅರ್ಧ ಊರೇ ನಿಂತಿದೆ! ಫೋನು ಸಿಕ್ಕಿತು. ಮನೆಯವರನ್ನು ಬಿಟ್ಟರೆ ಊರಿನಲ್ಲಿ ಯಾರಿಗೂ ನನ್ನ ಕಾಯಿಲೆ ಗೊತ್ತಿಲ್ಲ; ನಾನು ಅತ್ತೆಯ ಸೆರಗು ಜಗ್ಗಿದೆ.

ಅತ್ತೆ ಒಮ್ಮೆ ಜನರ ಕಡೆ ನೋಡಿ, ಕೂಗಿಯೇ ಕೇಳಿದರು: "ಡಾಕ್ಟ್ರವ್ವ, ನಾನು ಕಿಕ್ಕೇರಿ ನಿಂಗಮ್ಮ. ನಮ್ಮ ಗಬ್ಬದ ಅಸುಗೆ ಮಾತ್ರೆ ಕೊಟ್ರಲ್ಲ, ಅದ್ರಿಂದ ಕರುಗೇನಾರ ತೊಂದ್ರೆ ಆಯ್ತದಾ?"

ಆ ಕಡೆಯಿಂದ "ಯಾವ ಹಸು?" ಎಂದ ದನಿ, ಮರುಕ್ಷಣವೇ "ಓ, ನಿಂಗಮ್ಮನಾ!" ಎಂದು ನಕ್ಕಿತು. ಆಮೇಲೆ ಡಾಕ್ಟರಮ್ಮ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಧೈರ್ಯವಾಗಿ ಕೊಡಿ ನಿಂಗಮ್ಮ. ಕಾಯಿಲೆ ಕರುವಿಗೆ ದಾಟದಿರಲಿ ಅಂತಲೇ ಆ ಮಾತ್ರೆ. ಹಸುವಿಗೂ ಒಳ್ಳೆಯದು. ಒಂದು ಹೊತ್ತೂ ತಪ್ಪಿಸಬೇಡಿ."

ಹಿಂದೆ ನಿಂತಿದ್ದ ಯಜಮಾನರೊಬ್ಬರು ಸುಮ್ಮನಿರಲಿಲ್ಲ. "ಬೆಲ್ಲದೊಳಗಿಟ್ಟು ತಿನ್ಸವ್ವ, ಉಗಿಯಾಕಿಲ್ಲ" ಎಂದರು.

ಮನೆಗೆ ಬಂದ ಕೂಡಲೇ ಅತ್ತೆ ನನ್ನ ಅಂಗೈಗೆ ಮಾತ್ರೆ ಹಾಕಿದರು, ಜೊತೆಗೊಂದು ಅಚ್ಚು ಬೆಲ್ಲ. ನಾನು ನುಂಗುವವರೆಗೂ ಕದಲಲಿಲ್ಲ.

ನಾಳೆ ಡೇರಿಯಲ್ಲಿ ಎಲ್ಲರೂ ಹಸುವಿನ ಕ್ಷೇಮ ವಿಚಾರಿಸುತ್ತಾರೆ. ಸದ್ಯಕ್ಕೆ ಅದು ಬೆಲ್ಲ ಚೀಪುತ್ತಾ ಇದನ್ನು ಬರೆಯುತ್ತಿದೆ.