ಬಿಂದುಶ್ರೀಯ ಅರ್ಧ ನಗು

ಶ್ರೀರಾಂಪುರದ ಬಿಂದುಶ್ರೀ ಮದುವೆಯಾದ ಹೊಸದರಲ್ಲಿ ಒಂದು ಟ್ರಾವೆಲ್ಸ್ ಕಚೇರಿಯಲ್ಲಿ ಫೋನ್ ನೋಡಿಕೊಳ್ಳುತ್ತಿದ್ದಳು. ಬಸ್ಸು ತಪ್ಪಿ ಕೂಗಾಡುವವರೂ ಅವಳ ಮಾತು ಕೇಳಿ ತಣ್ಣಗಾಗುತ್ತಿದ್ದರು. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟಳು. ಆಮೇಲೆ ಅತ್ತೆ ಹಾಸಿಗೆ ಹಿಡಿದರು. ಆ ವರ್ಷಗಳಲ್ಲೇ ಒಂದು ಬೆಳಿಗ್ಗೆ ಅವಳ ಮುಖದ ಎಡಭಾಗಕ್ಕೆ ಲಕ್ವ ಹೊಡೆಯಿತು. ಮಾತು ಸರಿಹೋಯಿತು, ನಕ್ಕಾಗ ತುಟಿಯ ಎಡತುದಿ ಮಾತ್ರ ಮೇಲೇಳಲಿಲ್ಲ.

ಅತ್ತೆ ತೀರಿಕೊಂಡ ಮೇಲೆ, ನಲವತ್ತು ದಾಟಿದ ಬಿಂದುಶ್ರೀ ಕುವೆಂಪುನಗರದ ಒಂದು ಕಾಲ್ ಸೆಂಟರಿಗೆ ಅರ್ಜಿ ಹಾಕಿದಳು. ಅಲ್ಲಿ ಸಂದರ್ಶನ ಮಾಡುವುದು ಮನುಷ್ಯರಲ್ಲ, ಸಾಫ್ಟ್‌ವೇರ್. ಮೊಬೈಲಿನ ಕ್ಯಾಮೆರಾ ನೋಡುತ್ತ ಉತ್ತರ ಹೇಳಬೇಕು. ಅದು ಮುಖವನ್ನೂ ದನಿಯನ್ನೂ ಅಳೆದು ಅಂಕ ಕೊಡುತ್ತದೆ. ಬಿಂದುಶ್ರೀ ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂತು, ಚೆನ್ನಾಗಿಯೇ ಮಾತಾಡಿದಳು. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಉತ್ತರ ಬಂತು: ಆಯ್ಕೆಯಾಗಿಲ್ಲ, ಉತ್ಸಾಹದ ಕೊರತೆ.

“ಇನ್ನೊಂದ್ಸಲ ಮಾಡು. ಸ್ವಲ್ಪ ನಗ್ತಾ ಮಾತಾಡು,” ಎಂದ ಗಂಡ ಪ್ರಸಾದ್.

“ನಗ್ತಾನೇ ಮಾತಾಡಿದ್ದು ಕಣ್ರೀ. ಆ ಸಾಫ್ಟ್‌ವೇರಿಗೆ ಕಾಣ್ಲಿಲ್ಲ ಅಷ್ಟೇ.”

ಮಾರನೆಯ ದಿನ ಅವಳು ಸ್ಕೂಟರ್ ಹತ್ತಿ ಕಂಪನಿಗೇ ಹೋದಳು. ನೇಮಕಾತಿ ನೋಡಿಕೊಳ್ಳುವ ಯಶಸ್ ಮರ್ಯಾದೆಯಿಂದಲೇ ಕೂರಿಸಿದ.

“ಸಿಸ್ಟಮ್ ಭೇದ ಮಾಡಲ್ಲ ಮೇಡಂ. ಈ ಸಲ ಹೆಂಗಸರೇ ಜಾಸ್ತಿ ಸೇರಿದಾರೆ. ಅಂಗವಿಕಲರೂ ಇದಾರೆ, ವಯಸ್ಸಾದೋರೂ ಇದಾರೆ.”

“ಆ ಹೆಂಗಸರಲ್ಲಿ ನನ್ನ ವಯಸ್ಸಿನೋರು ಯಾರಿದಾರೆ?”

“ಎಲ್ಲ ಈಗ ತಾನೇ ಡಿಗ್ರಿ ಮುಗಿಸಿದೋರು.”

“ಅಂಗವಿಕಲರು?”

“ಹುಡುಗರು. ಕಾಲಿನ ತೊಂದ್ರೆ.”

“ವಯಸ್ಸಾದೋರು?”

ಯಶಸ್ ಕಂಪ್ಯೂಟರಿನ ಕಡೆ ತಿರುಗಿ ಪಟ್ಟಿ ನೋಡಿದ. “ಗಂಡಸರು. ಮಧ್ಯೆ ಕೆಲಸ ಬಿಟ್ಟೋರಲ್ಲ.”

“ಅಂದ್ರೆ ನನ್ನಂಥೋಳು ಒಬ್ಬಳೂ ಇಲ್ಲ. ಇಲ್ಲೇ ಕೂತಿದೀನಲ್ಲ ಸಾರ್, ನೀವೇ ಮಾತಾಡ್ಸಿ ನೋಡ್ಬುಡಿ.”

“ನನ್ನ ಕೈಲಿಲ್ಲ ಮೇಡಂ. ಅಂಕ ಬರದೆ ನನ್ನ ಹತ್ರ ಹೆಸರೇ ಬರಲ್ಲ. ಆರು ತಿಂಗಳು ಬಿಟ್ಟು ಟ್ರೈ ಮಾಡಿ.”

ಮನೆಗೆ ಬಂದು ಕಂಪನಿಯ ಮುಖ್ಯ ಕಚೇರಿಗೆ ದೂರು ಕಳಿಸಿದಳು. ಕಣ್ಣು ಮಿಟುಕಿಸುವುದರೊಳಗೆ ‘ಧನ್ಯವಾದಗಳು’ ಎಂಬ ಉತ್ತರ ಬಂತು; ಯಾರೂ ಓದಿದ ಹಾಗೆ ಕಾಣಲಿಲ್ಲ.

ವಾರದ ನಂತರ ಇನ್ನೊಂದು ಕಂಪನಿ, ಅಲ್ಲೂ ಅಂಥದೇ ಸಂದರ್ಶನ. ಈ ಸಲ ಬಿಂದುಶ್ರೀ ತುಟಿಯ ಎಡತುದಿಯನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದಳು. ಪರದೆಯಲ್ಲಿ ತನ್ನದೇ ಮುಖ ಕಂಡು ಮೈ ಉರಿದುಹೋಯಿತು. “ಥೂ,” ಎಂದು ಅರ್ಧಕ್ಕೇ ಫೋನ್ ಆಫ್ ಮಾಡಿದಳು.

“ಏನಾಯ್ತಮ್ಮ?” ಎಂದು ಮಗಳು ರಕ್ಷಿತಾ ಒಳಗಿಂದ ಓಡಿಬಂದಳು.

“ಫೋನಲ್ಲಿ ಮಾತಾಡೋ ಕೆಲಸಕ್ಕೆ ಮೂತಿ ಅಳೀತಾವೆ ಕಣೇ!”

ಸಂಜೆ ಈ ಕಂಪನಿಗೂ ದೂರು ಬರೆಯಲು ಕೂತಳು. ‘ಮಾನ್ಯರೆ’ ಎಂದು ಬರೆದು ನಿಲ್ಲಿಸಿದಳು. ಯಾರನ್ನು ಹಾಗೆ ಕರೆಯುತ್ತಿದ್ದೇನೆ ಎಂಬುದೇ ಅವಳಿಗೆ ತಿಳಿಯಲಿಲ್ಲ.